ಮಕ್ಕಳನ್ನು ಕಳೆದುಕೊಂಡ ಇಸ್ರೇಲಿ ಮತ್ತು ಪ್ಯಾಲೆಸ್ಟೀನಿ ಕುಟುಂಬಗಳು ನಿಜವಾಗಿಯೂ ಒಟ್ಟಿಗೆ ಶೋಕಾಚರಣೆ ಮಾಡುತ್ತವೆಯೇ?

ಹೌದು. 1994ರಲ್ಲಿ ಪ್ಯಾಲೆಸ್ಟೀನಿ ಸಶಸ್ತ್ರ ಸಂಘಟನೆ ಹಮಾಸ್ ಅಪಹರಿಸಿ ಕೊಂದ ಇಸ್ರೇಲಿ ಸೈನಿಕನೊಬ್ಬನ ತಂದೆ ಯಿಟ್ಜಾಕ್ ಫ್ರಾಂಕೆಂತಾಲ್ ಅವರು ಮರುವರ್ಷವೇ ಸ್ಥಾಪಿಸಿದ ‘ಪೇರೆಂಟ್ಸ್ ಸರ್ಕಲ್’ ಎಂಬ ವೇದಿಕೆಯಲ್ಲಿ ಇಂದು ಎರಡೂ ಕಡೆಯ 600ಕ್ಕೂ ಹೆಚ್ಚು ಕುಟುಂಬಗಳಿವೆ. ಈ ಸಂಘರ್ಷದಲ್ಲಿ ಹತ್ತಿರದವರನ್ನು ಕಳೆದುಕೊಂಡಿರುವುದೇ ಇಲ್ಲಿನ ಸದಸ್ಯತ್ವದ ಅರ್ಹತೆ. ಇಂಥ ಅರ್ಹತೆ ಯಾರಿಗೂ ಬೇಡ.

ಇದರ ಸದಸ್ಯರಾದ ಇಸ್ರೇಲಿನ ರಾಮಿ ಎಲ್ಹಾನನ್ ಅವರ 13 ವರ್ಷದ ಮಗಳು ಸ್ಮದರ್ 1997ರ ಸೆಪ್ಟೆಂಬರ್‌ನಲ್ಲಿ ಜೆರುಸಲೇಮಿನ ಬೆನ್ ಯೆಹೂದಾ ಬೀದಿಯಲ್ಲಿ ನಡೆದ ಆತ್ಮಾಹುತಿ ದಾಳಿಯಲ್ಲಿ ಸತ್ತಳು. ಹದಿಹರೆಯದಲ್ಲೇ ಸೆರೆಸಿಕ್ಕಿ ಏಳು ವರ್ಷ ಇಸ್ರೇಲಿ ಜೈಲಿನಲ್ಲಿದ್ದ ಇನ್ನೊಬ್ಬ ಸದಸ್ಯ, ಪ್ಯಾಲೆಸ್ಟೀನಿನ ಬಸ್ಸಾಮ್ ಅರಾಮಿನ್ ಅವರ ಹತ್ತು ವರ್ಷದ ಮಗಳು ಅಬೀರ್, 2007ರ ಜನವರಿಯಲ್ಲಿ ಜೆರುಸಲೇಮಿನ ಪಕ್ಕದ ಪ್ಯಾಲೆಸ್ಟೀನಿ ಊರು ಅನಾತಾದ ತನ್ನ ಶಾಲೆಯ ಬಳಿ ಇಸ್ರೇಲಿ ಗಡಿ ಪೊಲೀಸರ ರಬ್ಬರ್ ಗುಂಡಿಗೆ ಬಲಿಯಾದಳು. ಆ ಶಾಲೆಯಲ್ಲಿ ಅಬೀರ್ ಹೆಸರಿನ ಆಟದ ತೋಟವನ್ನು ಕಟ್ಟಿಕೊಟ್ಟವರಲ್ಲಿ ಇಸ್ರೇಲಿನ ಮಾಜಿ ಸೈನಿಕರಿದ್ದರು ಎಂಬುದು ನನ್ನನ್ನು ಇಂದಿಗೂ ಕಲಕುತ್ತದೆ. ಈ ಇಬ್ಬರು ತಂದೆಯರು ಜೊತೆಯಾಗಿ ಊರೂರು ಸುತ್ತಿ, ಮಕ್ಕಳ ಕಥೆಯನ್ನು ಹೇಳಿ, ಪ್ಯಾಲೆಸ್ಟೀನಿ ಪ್ರದೇಶಗಳ ಮೇಲಿನ ಇಸ್ರೇಲಿನ ಸೇನಾ ಸ್ವಾಧೀನ ಕೊನೆಗೊಳ್ಳಬೇಕೆಂದು ಸ್ಪಷ್ಟವಾಗಿ ಒತ್ತಾಯಿಸುತ್ತಾರೆ. ಹಾಗಾಗಿ ಈ ವೇದಿಕೆಯನ್ನು ಬರಿಯ ಸಾಂತ್ವನದ ಕೂಟವೆಂದು ತಿಳಿಯಬಾರದು.

ಮಡಿದ ಸೈನಿಕರನ್ನೂ ದಾಳಿಗಳಿಗೆ ಬಲಿಯಾದವರನ್ನೂ ನೆನೆಯುವ ಇಸ್ರೇಲಿನ ಸ್ಮರಣದಿನದ ಮುನ್ನಾ ಸಂಜೆ, 2006ರಿಂದ, ‘ಕಾಂಬ್ಯಾಟೆಂಟ್ಸ್ ಫಾರ್ ಪೀಸ್’ ಎಂಬ, ಎರಡೂ ಕಡೆಯ ಮಾಜಿ ಹೋರಾಟಗಾರರ ಸಂಘಟನೆ ಜಂಟಿ ಶೋಕಸಭೆ ನಡೆಸುತ್ತಿದೆ. ಪೇರೆಂಟ್ಸ್ ಸರ್ಕಲ್ ಕೂಡ ಅದರ ಆಯೋಜನೆಯಲ್ಲಿ ಕೈಜೋಡಿಸಿದೆ. 2018ರಲ್ಲಿ ಇಸ್ರೇಲಿನ ರಕ್ಷಣಾ ಸಚಿವರು ಈ ಸಭೆಗೆ ಬರುವ ಪ್ಯಾಲೆಸ್ಟೀನಿಯರಿಗೆ ಇಸ್ರೇಲಿನೊಳಗೆ ಪ್ರವೇಶ ನಿರಾಕರಿಸಿದಾಗ ಅಲ್ಲಿನ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಗೊಳಿಸಿತು. 2023ರ ಅಕ್ಟೋಬರ್ 7ರ ದಾಳಿ ಮತ್ತು ಗಾಜಾ ಯುದ್ಧದ ನಂತರ ಪಶ್ಚಿಮ ದಂಡೆಯ (ವೆಸ್ಟ್ ಬ್ಯಾಂಕ್) ಪ್ಯಾಲೆಸ್ಟೀನಿಯರಿಗೆ ಬರಲು ಅವಕಾಶವಿಲ್ಲದಿದ್ದರೂ 2024ರ ಸಭೆಯನ್ನು ಕೈಬಿಡದೆ, ಮೊದಲೇ ಚಿತ್ರೀಕರಿಸಿ ಪ್ರಸಾರ ಮಾಡಿದರು.