ಆಣೆಗೆ ಮೊದಲು ಆಸ್ಪತ್ರೆ

ಪ್ರಶ್ನೆ: ನಾನು ಮುಧೋಳ ತಾಲ್ಲೂಕಿನ ರೈತ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ ಹೊಳೆಯ ನೀರು ನುಗ್ಗಿ ಮನೆ ಬಿತ್ತು. ಇಬ್ಬರು ಮಕ್ಕಳನ್ನು ಎತ್ತಿಕೊಂಡು ಹೊರಬಂದೆ, ಎತ್ತುಗಳ ಹಗ್ಗ ಬಿಚ್ಚಲಾಗಲಿಲ್ಲ. ಈಗಲೂ ತಗಡಿನ ಮೇಲೆ ಮಳೆ ಬಿದ್ದರೆ ಎದೆ ಹೊಡೆದುಕೊಳ್ಳುತ್ತದೆ. ಕುಡಿಯದೆ ನಿದ್ದೆ ಬರದು. ಈಚೆಗೆ ಬೆಳಿಗ್ಗೆಯೂ ಕುಡಿಯದಿದ್ದರೆ ಕೈ ನಡುಗುತ್ತದೆ. ಹೆಂಡತಿ, ಮಕ್ಕಳು ತವರಿನಲ್ಲಿದ್ದಾರೆ. ಅಮಾವಾಸ್ಯೆಗೆ ದೇವರ ಮುಂದೆ ಆಣೆ ಮಾಡಿ, ಯಾರಿಗೂ ಹೇಳದೆ ಒಮ್ಮೆಲೇ ಬಿಡಬೇಕೆಂದಿದ್ದೇನೆ. ಆದೀತೇ?

ಉತ್ತರ: ಬಿಡಬೇಕೆಂಬ ನಿರ್ಧಾರ ಸರಿಯಾದದ್ದೇ, ಆದರೆ ಯಾರಿಗೂ ಹೇಳದೆ ಒಮ್ಮೆಲೇ ಬಿಡುವುದು ನಿಮ್ಮ ಸ್ಥಿತಿಯಲ್ಲಿ ಅಪಾಯಕಾರಿ. ಬೆಳಿಗ್ಗೆ ಕೈ ನಡುಗುತ್ತದೆಯೆಂದರೆ ದೇಹ ಮದ್ಯಕ್ಕೆ ಒಗ್ಗಿಹೋಗಿದೆ ಎಂದರ್ಥ. ಇಂಥವರು ಹಠಾತ್ತನೆ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಆಮೇಲಿನ ಒಂದೆರಡು ದಿನಗಳಲ್ಲಿ ಸನ್ನಿ ಹಿಡಿದು ಜೀವಕ್ಕೇ ಕುತ್ತಾಗಬಹುದು. ಆದ್ದರಿಂದ ಬಾಗಲಕೋಟೆಯ ಜಿಲ್ಲಾಸ್ಪತ್ರೆಯಲ್ಲಾಗಲಿ, ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ನಲ್ಲಾಗಲಿ ಮನೋವೈದ್ಯರನ್ನು ಕಂಡು, ದಿನಕ್ಕೆ ಎಷ್ಟು ಕುಡಿಯುತ್ತೀರಿ ಎಂಬುದನ್ನು ಮುಚ್ಚಿಡದೆ ಹೇಳಿ. ನಡುಕ ತಡೆಯುವ ಮಾತ್ರೆಗಳನ್ನು ಕೊಟ್ಟು, ಆ ಮಾತ್ರೆಗಳನ್ನು ಹಂತಹಂತವಾಗಿ ಕಡಿಮೆ ಮಾಡುತ್ತಾರೆ. ಜೊತೆಗೆ ಥಯಮಿನ್ ಎಂಬ ವಿಟಮಿನ್ ಕೊಡುತ್ತಾರೆ. ಆಣೆಯನ್ನು ಚಿಕಿತ್ಸೆ ಆರಂಭವಾದ ಮೇಲೆ ಮಾಡಿದರೂ ದೇವರೇನೂ ಬೇಸರಿಸಿಕೊಳ್ಳಲಾರ.

ಕುಡಿತ ಬಿಟ್ಟ ಮೇಲೆ ಪ್ರವಾಹದ ಭಯವನ್ನು ನೋಡಿಕೊಂಡರಾಯಿತು ಎಂದುಕೊಳ್ಳಬೇಡಿ. ನೀವು ಸೆರೆಯನ್ನು ನಿದ್ದೆಯ ಔಷಧಿಯಾಗಿ ಬಳಸುತ್ತಿದ್ದೀರಿ. ಅದು ಬೇಗ ಮಲಗಿಸಿದರೂ ನಡುರಾತ್ರಿ ನಿದ್ದೆಗೆಡಿಸಿ, ಅದೇ ಭಯವನ್ನು ಹೆಚ್ಚಿಸುತ್ತದೆ. ಎತ್ತುಗಳ ವಿಷಯವನ್ನು ವೈದ್ಯರೆದುರು ಮೊದಲ ಸಲವೇ ಬಾಯಿಬಿಟ್ಟು ಹೇಳಿ. ಹಗ್ಗ ಬಿಚ್ಚಲು ನಿಂತಿದ್ದರೆ ಮಕ್ಕಳ ಗತಿ ಏನಾಗುತ್ತಿತ್ತು ಎಂಬುದನ್ನು ನಿಮ್ಮ ಮನಸ್ಸು ಲೆಕ್ಕಕ್ಕೆ ಹಿಡಿದಂತಿಲ್ಲ.

ಮಳೆಗೆ ಎಚ್ಚರವಾದಾಗ ದೀಪ ಹಚ್ಚಿ, ಬರಿಗಾಲನ್ನು ನೆಲಕ್ಕೆ ಊರಿ ಕುಳಿತು, ಕಣ್ಣೆದುರಿನ ಐದು ವಸ್ತುಗಳ ಹೆಸರನ್ನೂ ಅಂದಿನ ತಾರೀಖನ್ನೂ ಗಟ್ಟಿಯಾಗಿ ಹೇಳಿ. ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಬಿಡಿ. ಮಳೆಗಾಲಕ್ಕೆ ಮೊದಲೇ ಕಾಗದಪತ್ರಗಳನ್ನು ಒಂದು ಚೀಲದಲ್ಲಿಟ್ಟು, ನೀರು ಏರಿದರೆ ದನಗಳನ್ನು ಎಲ್ಲಿಗೆ ಹೊಡೆಯಬೇಕೆಂದು ಗೊತ್ತುಮಾಡಿಕೊಂಡರೆ ರಾತ್ರಿಯ ಅರ್ಧ ಚಿಂತೆ ಹಗಲಿನಲ್ಲಿಯೇ ಮುಗಿಯುತ್ತದೆ.

ಕುಡಿಯಬೇಕೆಂಬ ಸೆಳೆತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಹಸಿವಿದ್ದರೆ ಅದು ಜೋರಾಗುವುದರಿಂದ ಸಂಜೆ ಅಂಗಡಿಯ ಹೊತ್ತಿಗೆ ಮೊದಲೇ ರೊಟ್ಟಿ ಊಟ ಮುಗಿಸಿರಿ. ಕಾರ್ಖಾನೆಯಿಂದ ಕಬ್ಬಿನ ಬಿಲ್ಲು ಬಂದ ವಾರ ಇನ್ನೂ ಕಷ್ಟದ್ದು. ಆ ಹಣ ಸದ್ಯಕ್ಕೆ ಮನೆಯವರ ಕೈಯಲ್ಲಿರಲಿ. ರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತನಾಡಬಹುದು.

ಹೆಂಡತಿಯನ್ನು ಕರೆತರುವ ಮಾತನ್ನು ಈಗಲೇ ಎತ್ತಬೇಡಿ. ಆಸ್ಪತ್ರೆಗೆ ಹೋಗುವ ದಿನವನ್ನು ಫೋನಿನಲ್ಲಿ ಅವರಿಗೆ ತಿಳಿಸಿ, ಜೊತೆಗೆ ಬರುವಂತೆ ಅವರ ಅಣ್ಣನನ್ನೋ ನಿಮ್ಮ ತಮ್ಮನನ್ನೋ ಕೇಳಿಕೊಳ್ಳಿ.