ಯಜಮಾನರು ಕುಡಿತ ಬಿಟ್ಟಿದ್ದಾರೆ, ಇನ್ನು ಬೇರೆಯವರಿಗೂ ನೆರವಾಗಬೇಕು

ಪ್ರಶ್ನೆ: ಮೇಡಂ, ನನಗೆ 33 ವರ್ಷ. ಮನೆ ಲಗ್ಗೆರೆಯಲ್ಲಿ, ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಕೆಲಸ. ನಮ್ಮ ಯಜಮಾನರು ಕುಡಿತ ಬಿಟ್ಟು ಎರಡು ವರ್ಷವಾಯಿತು. ಅದಕ್ಕೆ ಮುಂಚಿನ ಒಂಬತ್ತು ವರ್ಷ ಹೇಗೆ ಕಳೆದೆ ಅನ್ನೋದು ನನಗೇ ಗೊತ್ತು. ಈಗ ನಮ್ಮ ಲೈನಿನ ಹೆಂಗಸರು ಊಟದ ಬಿಡುವಿನಲ್ಲಿ ನನ್ನ ಪಕ್ಕ ಬಂದು ಕೂತು ಕಷ್ಟ ಹೇಳಿಕೊಳ್ಳುತ್ತಾರೆ. ಮೊನ್ನೆ ಒಬ್ಬಳು, ‘ಅಕ್ಕಾ, ಹಬ್ಬದ ರಜೆಯಲ್ಲಿ ನಮ್ಮವರನ್ನ ರೂಮಲ್ಲಿ ಕೂಡಿ ಬೀಗ ಹಾಕ್ತೀನಿ. ಮೂರು ದಿನ ಸಿಗದಿದ್ರೆ ತಾನಾಗೇ ಬಿಡ್ತಾರೆ ಅಲ್ವಾ?’ ಎಂದಳು. ‘ಧೈರ್ಯವಾಗಿ ಮಾಡು’ ಎಂದೆ. ಕುಡಿತದ ಕಷ್ಟದಲ್ಲಿರುವವರಿಗೆ ಕೌನ್ಸೆಲಿಂಗ್ ಮಾಡುವುದನ್ನೇ ಕಲಿತು ಕೆಲಸವಾಗಿ ಮಾಡಬೇಕೆಂಬ ಆಸೆ. ಕರೆಸ್ಪಾಂಡೆನ್ಸ್‌ನಲ್ಲಿ ಬಿ.ಎ. ಮುಗಿಸಿದ್ದೇನೆ, ಇಂಗ್ಲಿಷ್ ಕಷ್ಟ. ನನ್ನಂಥವಳಿಗೆ ಆಗುತ್ತದೆಯೇ?

ಉತ್ತರ: ಆಗುತ್ತದೆ ತಂಗಿ. ಆದರೆ ಮೊದಲು ಆ ಬೀಗದ ಮಾತು. ನಿಮ್ಮ ಪತ್ರ ಕೈಗೆ ಬಂದ ದಿನವೇ ಫೋನ್ ಮಾಡಿ ಹೇಳಿದ್ದೆ, ಉಳಿದ ಓದುಗರಿಗಾಗಿ ಇಲ್ಲಿ ಮತ್ತೆ ಬರೆಯುತ್ತಿದ್ದೇನೆ.

ವರ್ಷಗಟ್ಟಲೆ ದಿನಾ ಕುಡಿದ ದೇಹಕ್ಕೆ ಒಮ್ಮೆಲೇ ಮದ್ಯ ನಿಲ್ಲಿಸಿದರೆ ಆರೇಳು ಗಂಟೆಯಲ್ಲೇ ಕೈನಡುಕ, ಬೆವರು, ಸಂಕಟ ಶುರುವಾಗಬಹುದು. ಮೊದಲ ಎರಡು ದಿನಗಳೊಳಗೆ ಫಿಟ್ಸ್ ಬರಬಹುದು. ಎರಡು ಮೂರನೇ ದಿನಕ್ಕೆ ಕೆಲವರಿಗೆ ಹೊತ್ತು ಗೊತ್ತು ತಪ್ಪಿ, ಗೋಡೆಯ ಮೇಲೆ ಹುಳ ಹರಿದಂತೆ, ಯಾರೋ ಕರೆದಂತೆ ಆಗುತ್ತದೆ. ಜೀವಕ್ಕೇ ಅಪಾಯವಾಗುವ ಸ್ಥಿತಿ ಅದು. ಅಂಥವರಿಗೆ ವೈದ್ಯರು ಮಾತ್ರೆ ಕೊಟ್ಟು ಅದರ ಪ್ರಮಾಣವನ್ನು ದಿನದಿನಕ್ಕೆ ಇಳಿಸುತ್ತಾರೆ, ಬಿ1 ವಿಟಮಿನ್ ಕೊಡುತ್ತಾರೆ, ಬಿ.ಪಿ. ನೋಡುತ್ತಿರುತ್ತಾರೆ. ಬೀಗ ಹಾಕಿದ ಕೋಣೆಯಲ್ಲಿ ಇದನ್ನೆಲ್ಲ ಮಾಡುವವರು ಯಾರು?

ನಿಮ್ಮನ್ನು ಬೈಯುತ್ತಿಲ್ಲ. ನಾನೂ ಇದೇ ತಪ್ಪು ಮಾಡಿದವಳು. ಎಂ.ಎಸ್.ಡಬ್ಲ್ಯು. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುತ್ತಾ ಫೀಲ್ಡ್‌ವರ್ಕ್‌ಗೆ ಒಂದು ವ್ಯಸನಮುಕ್ತಿ ಕೇಂದ್ರಕ್ಕೆ ಹೋಗುತ್ತಿದ್ದಾಗ, ಐವತ್ತು ದಾಟಿದ ಆಟೋ ಡ್ರೈವರೊಬ್ಬರು ಬಂದು ‘ನಿನ್ನೆ ಸಂಜೆಯಿಂದ ಒಂದು ನೈಂಟಿ ಸಹ ಮುಟ್ಟಿಲ್ಲಮ್ಮ’ ಎಂದರು. ಅವರು ಹಿಡಿದಿದ್ದ ಟೀ ಲೋಟ ನಡುಗುತ್ತಿತ್ತು. ಹೊಗಳಿ, ಎರಡು ಒಳ್ಳೆಯ ಮಾತು ಹೇಳಿ ಮನೆಗೆ ಕಳಿಸಿದೆ. ಅದೇ ರಾತ್ರಿ ಅವರಿಗೆ ಫಿಟ್ಸ್ ಬಂತು. ಮಗ ಮನೆಯಲ್ಲಿದ್ದ, ಆಸ್ಪತ್ರೆಗೆ ಹೊತ್ತೊಯ್ದ, ಬದುಕಿಕೊಂಡರು. ಆ ಲೋಟ ಇವತ್ತಿಗೂ ಕಣ್ಣ ಮುಂದಿದೆ. ಇವತ್ತು ಯಾರೇ ಬಂದರೂ ನಾನು ಮೊದಲು ಕೇಳುವುದು ಮೂರೇ ಪ್ರಶ್ನೆ: ಕೊನೆಯ ಬಾರಿ ಕುಡಿದದ್ದು ಯಾವಾಗ, ದಿನಕ್ಕೆ ಎಷ್ಟು, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತಾ.

ಅದೇ ರೀತಿ, ಕುಡಿತ ಬಿಡಿಸುವ ಮಾತ್ರೆಯನ್ನು ಗೊತ್ತಾಗದಂತೆ ಸಾರಿಗೆ ಬೆರೆಸಿಕೊಡಿ ಎಂದು ಯಾರಿಗೂ ಹೇಳಬೇಡಿ. ಡೈಸಲ್ಫಿರಾಂ ಎಂಬ ಮಾತ್ರೆ ಹೊಟ್ಟೆಯಲ್ಲಿರುವಾಗ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಹೊಡೆದುಕೊಂಡು ಬಿ.ಪಿ. ಕುಸಿಯಬಹುದು. ಕುಡಿಯುವವರಿಗೆ ಎಲ್ಲ ತಿಳಿಸಿ, ಅವರು ಒಪ್ಪಿದ ಮೇಲೆ ವೈದ್ಯರು ಕೊಡಬೇಕಾದ ಔಷಧ ಅದು.

ಇನ್ನು ಓದು. ಯಾವುದೇ ಪದವಿ ಇದ್ದವರು ಎಂ.ಎಸ್.ಡಬ್ಲ್ಯು. ಮಾಡಬಹುದು, ಎರಡು ವರ್ಷ. ಇಗ್ನೋದಲ್ಲಿ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಕೌನ್ಸೆಲಿಂಗ್‌ಗೆಂದೇ ಒಂದು ಎಂ.ಎಸ್.ಡಬ್ಲ್ಯು. ದೂರಶಿಕ್ಷಣದಲ್ಲಿದೆ, ಆದರೂ ಫೀಲ್ಡ್‌ವರ್ಕ್ ತಪ್ಪುವುದಿಲ್ಲ. ಓದುವ ಪುಸ್ತಕಗಳು ಹೆಚ್ಚಾಗಿ ಇಂಗ್ಲಿಷ್‌ನಲ್ಲಿರುತ್ತವೆ, ಆ ಕಷ್ಟ ನಿಜ. ಆದರೆ ವಾರ್ಡಿನಲ್ಲಿ ಕೂತು ಮಾತಾಡುವುದು ಕನ್ನಡದಲ್ಲಿ, ತಮಿಳು ತೆಲುಗಿನಲ್ಲಿ. ಮಂಡ್ಯದಿಂದ ಬಂದ ಅಜ್ಜಿಯ ಮಾತು ನಿಮಗೆ ಅರ್ಥವಾಗುವಷ್ಟು ಎಷ್ಟೋ ಪದವೀಧರರಿಗೆ ಆಗುವುದಿಲ್ಲ. ಕೌನ್ಸೆಲಿಂಗ್‌ನ ಸಣ್ಣ ಕೋರ್ಸ್‌ಗಳೂ ನಮ್ಮೂರಲ್ಲಿ ಬೇಕಾದಷ್ಟಿವೆ. ಕೇಳುವುದನ್ನು ಕಲಿಯಲು ಒಳ್ಳೆಯವು, ಆದರೆ ಅದರಿಂದ ಯಾರೂ ಸೈಕಾಲಜಿಸ್ಟ್ ಆಗುವುದಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ದುಡ್ಡು ಕಟ್ಟುವ ಮುಂಚೆ ಒಂದೇ ಮಾತು ಕೇಳಿ: ಹಿರಿಯರೊಬ್ಬರ ಕಣ್ಗಾವಲಿನಲ್ಲಿ ನಿಜವಾದ ರೋಗಿಗಳ ಜೊತೆ ಎಷ್ಟು ಗಂಟೆ ಕೂರಿಸುತ್ತೀರಿ? ಉತ್ತರ ತೊದಲಿದರೆ ಎದ್ದು ಬನ್ನಿ.

ಕಲಿಯುವುದಕ್ಕಿಂತ ಕಷ್ಟವಾದದ್ದೊಂದಿದೆ, ಬಿಡುವುದು. ಒಂಬತ್ತು ವರ್ಷ ನೀವು ಅವರ ಜೇಬು ನೋಡಿದ್ದೀರಿ, ಬಾಯಿ ಮೂಸಿದ್ದೀರಿ, ಟೆಟ್ರಾ ಪ್ಯಾಕ್ ಹುಡುಕಿ ಮೋರಿಗೆ ಸುರಿದಿದ್ದೀರಿ. ಹೆಂಡತಿಯಾಗಿ ಬೇರೇನು ಮಾಡಲು ಸಾಧ್ಯವಿತ್ತು? ಆದರೆ ಈ ಕೆಲಸದಲ್ಲಿ ಆ ಕಣ್ಣು ಅಡ್ಡ ಬರುತ್ತದೆ. ಆರು ತಿಂಗಳು ಬಿಟ್ಟಿದ್ದವರು ಮತ್ತೆ ಕುಡಿದು ಬಂದು ಎದುರು ಕೂತಾಗ ನಿಮ್ಮ ಹಳೇ ಸಿಟ್ಟೆಲ್ಲ ಮೇಲೆದ್ದು ಬರುತ್ತದೆ. ಬಿಟ್ಟವರು ಹೀಗೆ ಮತ್ತೆ ಕುಡಿತಕ್ಕೆ ಮರಳುವುದನ್ನು ನಾವು ರಿಲ್ಯಾಪ್ಸ್ ಅನ್ನುತ್ತೇವೆ. ಈ ಕಾಯಿಲೆಯಲ್ಲಿ ಅದು ಸಾಮಾನ್ಯ, ನಿಮಗಾಗಲಿ ಅವರಿಗಾಗಲಿ ಆದ ಸೋಲಲ್ಲ. ಹಾಗಾಗಿ ಕೋರ್ಸ್‌ಗೆ ಮುಂಚೆ ನಿಮ್ಮ ನೋವನ್ನು ಇಳಿಸಿಕೊಳ್ಳಲು ಒಂದು ಜಾಗ ಹುಡುಕಿಕೊಳ್ಳಿ. ಕುಡಿಯುವವರಿಗೆ ಎ.ಎ. (ಆಲ್ಕೊಹಾಲಿಕ್ಸ್ ಅನಾನಿಮಸ್) ಸಭೆಗಳಿರುವಂತೆ ಮನೆಯವರಿಗೆ ಅಲ್-ಅನಾನ್ ಇದೆ, 1951ರಲ್ಲಿ ಅಮೆರಿಕದಲ್ಲಿ ಶುರುವಾದದ್ದು. ಶುಲ್ಕವಿಲ್ಲ, ಪೂರ್ತಿ ಹೆಸರು ಹೇಳಬೇಕಿಲ್ಲ. ಒಂದಷ್ಟು ತಿಂಗಳು ಹೋಗಿ ಸುಮ್ಮನೆ ಕೂತು ಕೇಳಿ.

ಅಷ್ಟರವರೆಗೆ ಊಟದ ಬಿಡುವಿನಲ್ಲಿ ಕೇಳುವವರಿಗೆ ಏನು ಹೇಳುವುದು? 14416 ಕೊಡಿ. ಅದು 2022ರಲ್ಲಿ ಆರಂಭವಾದ ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಉಚಿತ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಫಿಟ್ಸ್, ದಿಗ್ಭ್ರಮೆ ಇದ್ದರೆ ಫೋನ್ ಹಿಡಿದು ಕೂರದೆ ನೇರ ಆಸ್ಪತ್ರೆಗೆ ಹೋಗಲಿ. ನಿಮ್ಮ ಗೆಳತಿಗೆ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ವಿಭಾಗವಿದೆ ಎಂದು ತಿಳಿಸಿ. ಮೊದಲ ದಿನ ನೀವೂ ಜೊತೆಗೆ ಹೋದರೆ ಆಕೆಗೆ ಧೈರ್ಯ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಲೈನಿನಲ್ಲಿ ನೀವು ಹೇಳುತ್ತಿರುವ ಕಥೆಯಲ್ಲಿ ಅರ್ಧ ನಿಮ್ಮದು, ಅರ್ಧ ನಿಮ್ಮ ಯಜಮಾನರದು. ಇವತ್ತು ರಾತ್ರಿ ಊಟವಾದ ಮೇಲೆ ಅವರನ್ನು ಕೇಳಿ, ‘ನಿಮ್ಮ ವಿಷಯ ನಾಲ್ಕು ಜನಕ್ಕೆ ಹೇಳಲಾ?’ ಎಂದು. ಬೇಡ ಅಂದರೆ ಅವರ ಅರ್ಧವನ್ನು ಮನೆಯಲ್ಲೇ ಬಿಟ್ಟು ಹೋಗಿ.