ಒಟಿಟಿ ವರಮಾನದಲ್ಲಿ ಕನ್ನಡಕ್ಕೆ ಪಾಲು

ಪ್ರಶ್ನೆ: ನಮ್ಮಿಂದ ಚಂದಾ ಪಡೆಯುವ ಒಟಿಟಿ ಕಂಪನಿಗಳು ಕನ್ನಡ ಚಿತ್ರ, ಧಾರಾವಾಹಿಗಳ ನಿರ್ಮಾಣಕ್ಕೆ ಕಡ್ಡಾಯವಾಗಿ ಹಣ ತೊಡಗಿಸುವಂತೆ ಮಾಡಲಾಗದೇ?
– ಓದುಗರೊಬ್ಬರು, ತಿಪಟೂರು, ತುಮಕೂರು ಜಿಲ್ಲೆ

ಉತ್ತರ: ಮಾಡಬಹುದು. ಇಂತಹ ಕಂಪನಿಗಳು ತನ್ನ ನೆಲದಲ್ಲಿ ಗಳಿಸುವ ವರಮಾನದ ಕನಿಷ್ಠ ಶೇ 20ರಷ್ಟನ್ನು ಫ್ರೆಂಚ್ ಹಾಗೂ ಇತರ ಯುರೋಪಿಯನ್ ಕೃತಿಗಳ ನಿರ್ಮಾಣಕ್ಕೆ ವಿನಿಯೋಗಿಸಬೇಕೆಂದು ಫ್ರಾನ್ಸ್ 2021ರಲ್ಲಿ ವಿಧಿಸಿತು. ಕೆನಡಾದ ಪ್ರಸಾರ ಆಯೋಗವು 2024ರಲ್ಲಿ ದೊಡ್ಡ ಕಂಪನಿಗಳಿಗೆ ಅಲ್ಲಿನ ವರಮಾನದ ಶೇ 5ರ ವಂತಿಗೆಯನ್ನು ಗೊತ್ತುಪಡಿಸಿದಾಗ ಅವು ನ್ಯಾಯಾಲಯದ ಮೆಟ್ಟಿಲೇರಿದವು.

ಕರ್ನಾಟಕದಲ್ಲಿ ಇದಕ್ಕೆ ಹತ್ತಿರವಾದದ್ದು 2024ರ ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿ ಕಾಯ್ದೆ. ಸಿನಿಮಾ ಟಿಕೆಟ್ ಮತ್ತು ಚಂದಾ ಶುಲ್ಕಗಳ ಮೇಲೆ ಶೇ 1ರಿಂದ 2ರವರೆಗೆ ಸೆಸ್ ವಿಧಿಸಲು ಅದು ಅವಕಾಶ ನೀಡುತ್ತದೆ. ಆದರೆ ಆ ಹಣ ಕಲಾವಿದರ, ಕಾರ್ಮಿಕರ ಕಲ್ಯಾಣಕ್ಕೆ ಮೀಸಲೇ ಹೊರತು ನಿರ್ಮಾಣಕ್ಕಲ್ಲ.

ಫ್ರಾನ್ಸಿನಂತಹ ಹೊಣೆ ಹೊರಿಸಬೇಕಾದರೆ ದೆಹಲಿಯೇ ಮುಂದಾಗಬೇಕಾದೀತು, ಏಕೆಂದರೆ ಒಟಿಟಿಗಳು ಕೇಂದ್ರದ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ವ್ಯಾಪ್ತಿಯಲ್ಲಿವೆ. ಅಲ್ಲಿಯೇ ನನ್ನ ಆತಂಕವೂ ಇದೆ: ಕಾಯ್ದೆಯು ಬರಿದೆ ‘ಭಾರತೀಯ ಕೃತಿ’ ಎಂದರೆ ಕಂಪನಿಗಳು ಹಿಂದಿಯಲ್ಲಿ ನಾಲ್ಕು ಸರಣಿ ತೆಗೆದು ಲೆಕ್ಕ ಚುಕ್ತಾ ಮಾಡಬಹುದು. ಫ್ರಾನ್ಸ್ ತನ್ನ ಭಾಷೆಯಲ್ಲೇ ತಯಾರಾದ ಕೃತಿಗಳಿಗೆ ದೊಡ್ಡ ಪಾಲು ಕಾದಿರಿಸಿದಂತೆ, ಇಲ್ಲಿಯೂ ಆಯಾ ರಾಜ್ಯದ ಚಂದಾದಾರರ ಹಣಕ್ಕೆ ತಕ್ಕಂತೆ ಆಯಾ ಭಾಷೆಗೆ ಪಾಲು ನಿಗದಿಯಾಗಬೇಕು. (ನಿಮ್ಮ ಜಿಲ್ಲೆಯ ಗುಬ್ಬಿ ವೀರಣ್ಣನವರು ನಾಟಕದ ಗಳಿಕೆಯನ್ನು ಯಾವ ಕಾಯ್ದೆಯೂ ಇಲ್ಲದೆ ಕನ್ನಡ ಚಿತ್ರಗಳಿಗೆ ಹೂಡಿದ್ದರು.) ಇಂತಹ ಕಾಯ್ದೆ ಬಂದರೆ ಕಂಪನಿಗಳ ಹೊರೆಯಲ್ಲಿ ಒಂದಿಷ್ಟು ಚಂದಾದಾರರ ಮೇಲೂ ಬೀಳಬಹುದು.